ಮೇಲ್ವಿಚಾರಕರ ದೃಢ ಸಂವಹನ

ದೃಢ ಸಂವಹನವು ತನ್ನ ಅಭಿಪ್ರಾಯ, ಅಗತ್ಯ ಮತ್ತು ನಿರೀಕ್ಷೆಗಳನ್ನು ನೇರವಾಗಿ ಹಾಗೂ ಸ್ಪಷ್ಟವಾಗಿ ಹೇಳುವ, ಅದೇ ವೇಳೆ ಎದುರಿನವರ ಹಕ್ಕು ಮತ್ತು ಘನತೆಗೆ ಕುಂದು ತಾರದ ಮಾತಿನ ರೀತಿಯಾಗಿದೆ. ಇಂಗ್ಲಿಷಿನ ಅಸರ್ಟಿವ್‌ನೆಸ್ ಎಂಬ ಪರಿಕಲ್ಪನೆಯನ್ನು ಈ ಪದವು ಸೂಚಿಸುತ್ತದೆ. ವ್ಯವಸ್ಥಾಪಕರು ಮತ್ತು ಮೇಲ್ವಿಚಾರಕರಿಗೆ ಇದು ಮುಖ್ಯವಾದ ಕೌಶಲವೆಂದು ನಿರ್ವಹಣಾಶಾಸ್ತ್ರವು ಪರಿಗಣಿಸುತ್ತದೆ. ಕೆಲಸ ಹಂಚುವುದು, ತಪ್ಪು ತಿದ್ದುವುದು, ಬೇಡಿಕೆಯನ್ನು ನಿರಾಕರಿಸುವುದು ಮತ್ತು ಕೆಳಗಿನವರ ಅಹವಾಲನ್ನು ಮೇಲಿನವರಿಗೆ ಮುಟ್ಟಿಸುವುದು ಇವೆಲ್ಲವೂ ಇದನ್ನು ಅವಲಂಬಿಸಿವೆ.

ಇತಿಹಾಸ

ಈ ಪರಿಕಲ್ಪನೆಯ ಮೂಲ ಮನಶ್ಚಿಕಿತ್ಸೆಯಲ್ಲಿದೆ. ಅಮೆರಿಕದ ಮನೋವಿಜ್ಞಾನಿ ಆಂಡ್ರ್ಯೂ ಸಾಲ್ಟರ್ 1949ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಭಾವನೆಗಳನ್ನು ಅದುಮಿಡುವ ವ್ಯಕ್ತಿಗಳಿಗೆ ಮನಬಿಚ್ಚಿ ಮಾತನಾಡುವ ಅಭ್ಯಾಸವನ್ನು ಸೂಚಿಸಿದನು. 1958ರಲ್ಲಿ ಜೋಸೆಫ್ ವೋಲ್ಪ್ ಇದನ್ನು ಆತಂಕದ ಚಿಕಿತ್ಸೆಗೆ ಅಳವಡಿಸಿದನು. ಒಬ್ಬ ವ್ಯಕ್ತಿ ಏಕಕಾಲದಲ್ಲಿ ದೃಢನೂ ಆತಂಕಿತನೂ ಆಗಿರಲು ಕಷ್ಟವೆಂಬುದು ಅವನ ವಾದದ ತಿರುಳು. ರಾಬರ್ಟ್ ಆಲ್ಬರ್ಟಿ ಮತ್ತು ಮೈಕೆಲ್ ಎಮನ್ಸ್ 1970ರಲ್ಲಿ ಬರೆದ ಕೃತಿಯು ಈ ವಿಷಯವನ್ನು ಸಾಮಾನ್ಯ ಓದುಗರಿಗೆ ತಲುಪಿಸಿತು. 1970ರ ದಶಕದಲ್ಲಿ ಕೆನೆತ್ ಥಾಮಸ್ ಮತ್ತು ರಾಲ್ಫ್ ಕಿಲ್ಮನ್ ರೂಪಿಸಿದ ಮಾದರಿಯು ಸಂಘರ್ಷ ನಿರ್ವಹಣೆಯನ್ನು ದೃಢತೆ ಮತ್ತು ಸಹಕಾರ ಎಂಬ ಎರಡು ಅಕ್ಷಗಳ ಮೇಲೆ ವಿವರಿಸುತ್ತದೆ.

ವಿಮಾನಯಾನ ಕ್ಷೇತ್ರವೂ ಇದರ ಬೆಳವಣಿಗೆಗೆ ಕಾರಣವಾಯಿತು. 1977ರ ಟೆನೆರೀಫ್ ದುರಂತದಲ್ಲಿ ಎರಡು ವಿಮಾನಗಳು ಓಡುಹಾದಿಯಲ್ಲಿ ಡಿಕ್ಕಿಯಾಗಿ 583 ಜನ ಮೃತಪಟ್ಟರು. ಹಾದಿ ತೆರವಾಗಿದೆಯೇ ಎಂಬ ಸಂದೇಹವನ್ನು ಕಿರಿಯ ಸಿಬ್ಬಂದಿ ವ್ಯಕ್ತಪಡಿಸಿದರೂ ಅದನ್ನು ಒತ್ತಿ ಹೇಳಲಿಲ್ಲ. 1979ರಲ್ಲಿ ನಾಸಾ ನಡೆಸಿದ ಕಾರ್ಯಾಗಾರದ ನಂತರ, ಹಿರಿಯರಿಗೆ ಗೌರವದಿಂದಲೇ ಆದರೆ ಖಚಿತವಾಗಿ ಎಚ್ಚರಿಕೆ ನೀಡುವ ತರಬೇತಿಯು ವಿಮಾನ ಸಿಬ್ಬಂದಿಯ ಶಿಕ್ಷಣದ ಭಾಗವಾಯಿತು.

ಸಂವಹನದ ರೀತಿಗಳು

ಸಾಮಾನ್ಯವಾಗಿ ನಾಲ್ಕು ರೀತಿಗಳನ್ನು ಗುರುತಿಸಲಾಗುತ್ತದೆ.

ವಿಧೇಯ ರೀತಿ: ತನ್ನ ಮಾತನ್ನು ನುಂಗಿಕೊಂಡು ಎಲ್ಲದಕ್ಕೂ ಒಪ್ಪುವುದು. ಮೇಲ್ವಿಚಾರಕನು ಈ ರೀತಿಯವನಾದರೆ ನಿಯಮಗಳು ಸಡಿಲಗೊಳ್ಳುತ್ತವೆ, ಹೊರೆಯು ಪ್ರಾಮಾಣಿಕ ಕೆಲಸಗಾರರ ಮೇಲೆ ಬೀಳುತ್ತದೆ.

ಆಕ್ರಮಣಕಾರಿ ರೀತಿ: ಗದರುವುದು, ಹೀಯಾಳಿಸುವುದು, ಎಲ್ಲರೆದುರು ಅವಮಾನಿಸುವುದು. ಇದರಿಂದ ತಕ್ಷಣಕ್ಕೆ ಕೆಲಸ ನಡೆದರೂ ಕೆಲಸಗಾರರು ತಪ್ಪುಗಳನ್ನು ಮುಚ್ಚಿಡತೊಡಗುತ್ತಾರೆ.

ಪರೋಕ್ಷ ಆಕ್ರಮಣ: ಎದುರಿಗೆ ಒಪ್ಪಿ ಹಿಂದಿನಿಂದ ಕೊಂಕು ನುಡಿಯುವುದು, ಬೇಕೆಂದೇ ತಡಮಾಡುವುದು.

ದೃಢ ರೀತಿ: ವಿಷಯವನ್ನು ವ್ಯಕ್ತಿಯಿಂದ ಬೇರ್ಪಡಿಸಿ, ಶಾಂತ ಧ್ವನಿಯಲ್ಲಿ ಖಚಿತವಾಗಿ ಹೇಳುವುದು ಮತ್ತು ಉತ್ತರವನ್ನು ಆಲಿಸುವುದು.

ಕನ್ನಡ ಪರಿಸರದಲ್ಲಿ

ಗೀರ್ಟ್ ಹಾಫ್‌ಸ್ಟೀಡ್‌ನ ಅಧ್ಯಯನದಲ್ಲಿ ಅಧಿಕಾರದ ಅಂತರದ ಸೂಚ್ಯಂಕವು ಭಾರತಕ್ಕೆ 77 ಎಂದು ದಾಖಲಾಗಿದೆ. ಅಂದರೆ ಮೇಲು-ಕೀಳಿನ ಶ್ರೇಣಿಯನ್ನು ಸಹಜವೆಂದು ಒಪ್ಪುವ ಪ್ರವೃತ್ತಿ ಇಲ್ಲಿ ಪ್ರಬಲವಾಗಿದೆ. ಭಾರತೀಯ ಮನೋವಿಜ್ಞಾನಿ ಜೈ ಬಿ. ಪಿ. ಸಿನ್ಹಾ 1980ರಲ್ಲಿ ಪ್ರತಿಪಾದಿಸಿದ ನಾಯಕತ್ವದ ಮಾದರಿಯಂತೆ, ಕೈಕೆಳಗಿನವರ ಬಗ್ಗೆ ಅಕ್ಕರೆ ತೋರುತ್ತಲೇ ಕೆಲಸದ ವಿಷಯದಲ್ಲಿ ರಾಜಿಯಾಗದ ನಾಯಕನು ಇಲ್ಲಿನ ಪರಿಸರಕ್ಕೆ ಹೆಚ್ಚು ಹೊಂದುತ್ತಾನೆ. ಪಾಶ್ಚಾತ್ಯ ತರಬೇತಿಯ ವಾಕ್ಯಗಳನ್ನು ಇದ್ದಂತೆಯೇ ಬಳಸುವುದಕ್ಕಿಂತ ಸ್ಥಳೀಯ ಗೌರವಸೂಚಕಗಳೊಡನೆ ಹೊಂದಿಸುವುದು ಅಗತ್ಯವೆಂಬುದಕ್ಕೆ ಇದು ಆಧಾರ ಒದಗಿಸುತ್ತದೆ.

ಕನ್ನಡದಲ್ಲಿ ‘ನೀನು’ ಮತ್ತು ‘ನೀವು’ ಎಂಬ ಸಂಬೋಧನೆಗಳ ಆಯ್ಕೆಯೇ ಸಂಬಂಧವನ್ನು ಸೂಚಿಸುತ್ತದೆ. ತಪ್ಪು ತಿದ್ದುವ ಸಂದರ್ಭದಲ್ಲಿ ‘ನೀವು’ ಎಂದು ಕರೆಯುವುದರಿಂದ ಮಾತಿನ ಖಚಿತತೆ ಕುಂದುವುದಿಲ್ಲ, ಆದರೆ ಅವಮಾನದ ಛಾಯೆ ತಪ್ಪುತ್ತದೆ. ‘ನೋಡೋಣ’, ‘ಮಾಡೋಣ ಬಿಡಿ’ ಎಂಬ ಉತ್ತರಗಳು ಆಡುಮಾತಿನಲ್ಲಿ ಹಲವೊಮ್ಮೆ ನಯವಾದ ನಿರಾಕರಣೆಯಾಗಿರುತ್ತವೆ. ಇದನ್ನು ಒಪ್ಪಿಗೆಯೆಂದು ಭಾವಿಸಿದ ಮೇಲ್ವಿಚಾರಕನು ಕೆಲಸದ ಗಡುವು ಮೀರಿದ ಮೇಲಷ್ಟೇ ನಿಜಸ್ಥಿತಿಯನ್ನು ಅರಿಯುತ್ತಾನೆ. ‘ಯಾವಾಗ ಮುಗಿಯುತ್ತದೆ? ಅಡ್ಡಿ ಏನಿದೆ?’ ಎಂದು ಮರುಪ್ರಶ್ನೆ ಕೇಳುವುದು ಇದಕ್ಕೆ ಪರಿಹಾರ.

ಗ್ರಾಮೀಣ ಭಾಗದಲ್ಲಿ ಮೇಲ್ವಿಚಾರಕನೂ ಕೆಲಸಗಾರನೂ ಒಂದೇ ಊರಿನವರು ಅಥವಾ ಬಂಧುಗಳಾಗಿರುವುದು ಸಾಮಾನ್ಯ. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಹೊಸಕೋಟೆ ತಾಲ್ಲೂಕಿನ ನಂದಗುಡಿ ಹೋಬಳಿಯಂತಹ ಪ್ರದೇಶಗಳಲ್ಲಿ ಹೈನುಗಾರಿಕೆ ಪ್ರಮುಖ ಉಪಕಸುಬಾಗಿದ್ದು, ಹಾಲು ಉತ್ಪಾದಕರ ಸಹಕಾರ ಸಂಘಗಳು ಹಾಲನ್ನು ಸಂಗ್ರಹಿಸುತ್ತವೆ. ಸಂಘದ ಕಾರ್ಯದರ್ಶಿಯು ಹಾಲಿನ ಗುಣಮಟ್ಟವನ್ನು ಪರೀಕ್ಷಿಸಿ, ನೀರು ಬೆರೆತ ಹಾಲನ್ನು ತಿರಸ್ಕರಿಸಬೇಕಾಗುತ್ತದೆ. ಹಾಲು ತಂದವರು ಹಿರಿಯ ನೆಂಟರಾಗಿದ್ದರೆ ಇದು ಕಠಿಣ ಪ್ರಸಂಗ. ಸುಮ್ಮನೆ ತೆಗೆದುಕೊಂಡರೆ ಒಳ್ಳೆಯ ಹಾಲು ತಂದ ಉಳಿದ ಸದಸ್ಯರಿಗೆ ಅನ್ಯಾಯವಾಗುತ್ತದೆ, ಎಲ್ಲರೆದುರು ಕಳ್ಳತನ ಹೊರಿಸಿದರೆ ಸಂಬಂಧ ಕೆಡುತ್ತದೆ. ‘ಮಾವ, ಈ ಹಾಲಿಗೆ ಡಿಗ್ರಿ ಕಡಿಮೆ ಬಂದಿದೆ, ತೆಗೆದುಕೊಳ್ಳೋಕೆ ಆಗಲ್ಲ. ಬೇಕಾದರೆ ನಿಮ್ಮ ಎದುರಿಗೇ ಇನ್ನೊಂದು ಸಲ ನೋಡ್ತೀನಿ’ ಎಂಬ ಮಾತು ದೃಢ ಸಂವಹನಕ್ಕೆ ಉದಾಹರಣೆ. ಇಲ್ಲಿ ಸಂಬೋಧನೆಯು ಗೌರವವನ್ನೂ, ಅಳತೆಯು ಕಾರಣವನ್ನೂ, ಮರುಪರೀಕ್ಷೆಯ ಅವಕಾಶವು ನ್ಯಾಯವನ್ನೂ ಸೂಚಿಸುತ್ತವೆ. ತೀರ್ಮಾನ ಮಾತ್ರ ಸಡಿಲಗೊಂಡಿಲ್ಲ.

ರೂಢಿಸಿಕೊಳ್ಳುವ ಕ್ರಮ

ಶರಾನ್ ಬೋವರ್ ಮತ್ತು ಗಾರ್ಡನ್ ಬೋವರ್ 1976ರಲ್ಲಿ ನಾಲ್ಕು ಹಂತಗಳ ಕ್ರಮವೊಂದನ್ನು ನೀಡಿದರು: ನಡೆದುದನ್ನು ವಿವರಿಸುವುದು, ಅದರಿಂದ ಆದ ತೊಂದರೆಯನ್ನು ತಿಳಿಸುವುದು, ಬೇಕಾದ ಬದಲಾವಣೆಯನ್ನು ಸೂಚಿಸುವುದು ಮತ್ತು ಪರಿಣಾಮವನ್ನು ಹೇಳುವುದು. ಪಾಳಿಗೆ ತಡವಾಗಿ ಬರುವ ಕೆಲಸಗಾರನಿಗೆ ‘ನಿನಗೆ ಜವಾಬ್ದಾರಿಯೇ ಇಲ್ಲ’ ಎನ್ನುವುದು ವ್ಯಕ್ತಿಯ ಮೇಲಿನ ತೀರ್ಪು. ಈ ಕ್ರಮದಲ್ಲಿ ಅದೇ ವಿಷಯವನ್ನು ಹೀಗೆ ಹೇಳಬಹುದು: ‘ಈ ವಾರ ಮೂರು ದಿನ ನೀವು ಅರ್ಧ ಗಂಟೆ ತಡವಾಗಿ ಬಂದಿದ್ದೀರಿ. ಅಷ್ಟು ಹೊತ್ತು ರಾತ್ರಿ ಪಾಳಿಯವರು ಮನೆಗೆ ಹೋಗದೆ ಕಾಯಬೇಕಾಯಿತು. ನಾಳೆಯಿಂದ ಸಮಯಕ್ಕೆ ಸರಿಯಾಗಿ ಬರಬೇಕು. ಬಸ್ಸಿನ ತೊಂದರೆಯಿದ್ದರೆ ಈಗಲೇ ತಿಳಿಸಿ, ಪಾಳಿ ಬದಲಿಸುವ ಬಗ್ಗೆ ಮಾತಾಡೋಣ.’

ತರಬೇತಿಗಳಲ್ಲಿ ಸಾಮಾನ್ಯವಾಗಿ ಸೂಚಿಸುವ ಇತರ ಅಭ್ಯಾಸಗಳು:

- ತಪ್ಪನ್ನು ಏಕಾಂತದಲ್ಲಿ ತಿಳಿಸುವುದು, ಮೆಚ್ಚುಗೆಯನ್ನು ಎಲ್ಲರೆದುರು ವ್ಯಕ್ತಪಡಿಸುವುದು.
- ಕೋಪ ಬಂದಾಗ ತಕ್ಷಣ ಉತ್ತರಿಸದೆ ಸಮಯ ನಿಗದಿಪಡಿಸಿ ಮಾತನಾಡುವುದು.
- ನಿರಾಕರಿಸುವಾಗ ಒಂದೇ ಕಾರಣವನ್ನು ನೀಡುವುದು, ನೆಪಗಳನ್ನು ಪೋಣಿಸದಿರುವುದು.
- ಕಠಿಣ ಸಂಭಾಷಣೆಯನ್ನು ಸಹೋದ್ಯೋಗಿಯೊಡನೆ ಮೊದಲೇ ಅಭ್ಯಾಸ ಮಾಡುವುದು.
- ಒಪ್ಪಿದ ವಿಷಯವನ್ನು ಬರಹದಲ್ಲಿ ದಾಖಲಿಸುವುದು.

ಮೇಲ್ಮುಖ ಸಂವಹನ

ಮೇಲ್ವಿಚಾರಕನು ಆಡಳಿತ ಮತ್ತು ಕೆಲಸಗಾರರ ನಡುವಿನ ಕೊಂಡಿ. ಕೆಳಗಿನವರೊಡನೆ ದೃಢವಾಗಿ ಮಾತನಾಡುವುದಕ್ಕಿಂತ ಮೇಲಿನವರಿಗೆ ಅಪ್ರಿಯ ಸಂಗತಿಯನ್ನು ತಿಳಿಸುವುದು ಹೆಚ್ಚು ಕಷ್ಟ. ಗುರಿ ಮುಟ್ಟಲಾಗದೆಂಬುದನ್ನಾಗಲಿ, ಕೂಲಿಯ ಲೆಕ್ಕದಲ್ಲಿ ತಪ್ಪಾಗಿದೆ ಎಂಬುದನ್ನಾಗಲಿ ಹೇಳದಿದ್ದರೆ ಆ ಮೌನದ ಬೆಲೆಯನ್ನು ಕೆಲಸಗಾರರು ತೆರುತ್ತಾರೆ.

ಅಹವಾಲುಗಳು ಪರಿಹಾರ ಕಾಣದಿದ್ದಾಗ ಏನಾಗಬಹುದು ಎಂಬುದಕ್ಕೆ ಕೋಲಾರ ಜಿಲ್ಲೆಯ ನರಸಾಪುರದ ಪ್ರಕರಣವನ್ನು ನೋಡಬಹುದು. ಹೊಸಕೋಟೆ-ಕೋಲಾರ ಹೆದ್ದಾರಿಯಲ್ಲಿರುವ ಈ ಕೈಗಾರಿಕಾ ಪ್ರದೇಶದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಐಫೋನ್‌ಗಳನ್ನು ಜೋಡಿಸಲಾಗುತ್ತಿತ್ತು. 2020ರ ಡಿಸೆಂಬರ್ 12ರಂದು ವೇತನದ ಅಸಮಾಧಾನವು ಸ್ಫೋಟಗೊಂಡು ಕಾರ್ಖಾನೆಯಲ್ಲಿ ದೊಂಬಿ ನಡೆಯಿತು. ಕೆಲಸದ ಅವಧಿಯ ನಿರ್ವಹಣೆ ಸರಿಯಾಗಿ ಜಾರಿಯಾಗದೆ ಅಕ್ಟೋಬರ್ ಮತ್ತು ನವೆಂಬರ್‌ನಲ್ಲಿ ಕೆಲವರಿಗೆ ವೇತನ ವಿಳಂಬವಾಗಿತ್ತೆಂದು ಆಪಲ್ ಸಂಸ್ಥೆ ಪ್ರಕಟಿಸಿ, ವಿಸ್ಟ್ರಾನ್ ಅನ್ನು ಪರೀಕ್ಷಣಾ ಅವಧಿಯಲ್ಲಿರಿಸಿತು. ವಿಸ್ಟ್ರಾನ್ ಕೆಲಸಗಾರರ ಕ್ಷಮೆ ಕೋರಿತು ಮತ್ತು ಭಾರತದ ವ್ಯವಹಾರದ ಹೊಣೆ ಹೊತ್ತ ಉಪಾಧ್ಯಕ್ಷರನ್ನು ಹುದ್ದೆಯಿಂದ ತೆಗೆಯಿತು. ಇಂತಹ ಘಟನೆಗೆ ಸಂವಹನದ ಕೊರತೆಯೊಂದೇ ಕಾರಣವೆನ್ನಲಾಗದು. ಮಾತೊಂದರಿಂದಲೇ ಬಾಕಿ ವೇತನ ಸಂದಾಯವಾಗುವುದಿಲ್ಲ. ಆದರೆ ದೂರು ಸಕಾಲದಲ್ಲಿ ನಿರ್ಧಾರ ಕೈಗೊಳ್ಳುವವರನ್ನು ತಲುಪುವ ದಾರಿ ಎಷ್ಟು ಅಗತ್ಯವೆಂಬುದನ್ನು ಅದು ತೋರಿಸುತ್ತದೆ.

ಕಾನೂನಿನ ಚೌಕಟ್ಟು

ಮೇಲ್ವಿಚಾರಕನ ದೃಢತೆಯು ಕಾನೂನಿನ ಅರಿವನ್ನು ಆಧರಿಸಿರಬೇಕು. 1948ರ ಕಾರ್ಖಾನೆಗಳ ಕಾಯ್ದೆಯು ಹೆಚ್ಚುವರಿ ಅವಧಿಯ ದುಡಿಮೆಗೆ ಸಾಮಾನ್ಯ ದರದ ಎರಡರಷ್ಟು ವೇತನವನ್ನು ವಿಧಿಸಿತು. 1947ರ ಕೈಗಾರಿಕಾ ವಿವಾದಗಳ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯು 20 ಅಥವಾ ಹೆಚ್ಚು ಕೆಲಸಗಾರರಿರುವ ಕೈಗಾರಿಕಾ ಘಟಕಗಳಲ್ಲಿ ಕುಂದುಕೊರತೆ ನಿವಾರಣಾ ಸಮಿತಿಯನ್ನು ಕಡ್ಡಾಯಗೊಳಿಸಿತು. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿಯೂ ಈ ಸಮಿತಿಗೆ ಸ್ಥಾನವಿದೆ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಂತೆ 10 ಅಥವಾ ಹೆಚ್ಚು ಜನರು ದುಡಿಯುವ ಕಡೆ ಆಂತರಿಕ ಸಮಿತಿ ಇರಬೇಕು. ಲೈಂಗಿಕ ಸ್ವರೂಪದ ಮಾತುಗಳೂ ಈ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ.

ಮಿತಿಗಳು

ಡೇನಿಯಲ್ ಏಮ್ಸ್ ಮತ್ತು ಫ್ರಾನ್ಸಿಸ್ ಫ್ಲಿನ್ 2007ರಲ್ಲಿ ಪ್ರಕಟಿಸಿದ ಸಂಶೋಧನೆಯಂತೆ, ದೃಢತೆಯು ತೀರಾ ಕಡಿಮೆಯಾದರೂ ತೀರಾ ಹೆಚ್ಚಾದರೂ ನಾಯಕತ್ವಕ್ಕೆ ಹಾನಿಯಾಗುತ್ತದೆ. ಕಡಿಮೆಯಾದರೆ ಗುರಿ ಸಾಧನೆಗೂ, ಹೆಚ್ಚಾದರೆ ಸಂಬಂಧಗಳಿಗೂ ಪೆಟ್ಟು ಬೀಳುತ್ತದೆ. ಪುರುಷನಲ್ಲಿ ಮೆಚ್ಚುವ ಖಚಿತ ಮಾತನ್ನೇ ಮಹಿಳೆಯಲ್ಲಿ ‘ಬಾಯಿ ಜೋರು’ ಎಂದು ಹಳಿಯುವ ಪ್ರವೃತ್ತಿಯೂ ಇದೆ. ಕೆಲಸ ಕಳೆದುಕೊಳ್ಳುವ ಭಯದಲ್ಲಿರುವ ಗುತ್ತಿಗೆ ಕೆಲಸಗಾರನಿಂದ ದೃಢ ಮಾತನ್ನು ನಿರೀಕ್ಷಿಸುವುದು ಸುಲಭವಲ್ಲ. ಆದುದರಿಂದ ಕೈಕೆಳಗಿನವರು ನಿರ್ಭಯವಾಗಿ ಮಾತನಾಡುವ ವಾತಾವರಣವನ್ನು ನಿರ್ಮಿಸುವುದು ಅಧಿಕಾರವುಳ್ಳ ಮೇಲ್ವಿಚಾರಕನ ಹೊಣೆಯಾಗುತ್ತದೆ.