ಶ್ರೀನಿವಾಸ ನಿಲಯದ ಲೆಕ್ಕ

ನಂಬರ್ 557, 'ಶ್ರೀನಿವಾಸ ನಿಲಯ', ಏಳನೇ ಮೇನ್, ಡಾಲರ್ಸ್ ಕಾಲೊನಿ, ನ್ಯೂ ಬಿಇಎಲ್ ರಸ್ತೆ. ಕೇಳಿದರೆ ಯಾರದೋ ಸಂಸಾರದ ಮನೆ ಅನ್ನಿಸುತ್ತದೆ. ಆದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮದ ವರದಿಗಳ ಮೇಲೆ ಅಚ್ಚಾಗುತ್ತಿದ್ದ ವಿಳಾಸ ಇದು. ದೇಶದ ಯಾವ ಊರಲ್ಲಿ ಎಂಥ ಕ್ಯಾನ್ಸರ್ ಎಷ್ಟು ಎಂಬ ಲೆಕ್ಕ ಉತ್ತರ ಬೆಂಗಳೂರಿನ ಈ ಬಡಾವಣೆಯಲ್ಲಿ ಕೂಡುತ್ತಿತ್ತು.

ಲೆಕ್ಕ ಶುರುವಾದದ್ದು 1982ರ ಜನವರಿ 1ರಿಂದ. ಬೆಂಗಳೂರಿನ ಹೊಣೆ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯದು. ಕ್ಯಾನ್ಸರ್ ಕಂಡರೆ ತಿಳಿಸಲೇಬೇಕೆಂಬ ನಿಯಮ ಆಗ ಇರಲಿಲ್ಲ. ಹಾಗಾಗಿ ನೋಂದಣಿ ಸಿಬ್ಬಂದಿಯೇ ಆಸ್ಪತ್ರೆ, ನರ್ಸಿಂಗ್ ಹೋಂ, ಲ್ಯಾಬುಗಳನ್ನು ಅಲೆದು ಕೇಸ್ ಶೀಟ್ ತಿರುವಿ ಬರೆದುಕೊಳ್ಳಬೇಕಿತ್ತು. ಪಾಲಿಕೆಯ ಮರಣ ದಾಖಲೆಗಳನ್ನೂ ಜಾಲಾಡಬೇಕಿತ್ತು. ನಗರದಲ್ಲಿ ಕನಿಷ್ಠ ಒಂದು ವರ್ಷ ವಾಸವಿದ್ದವರು ಮಾತ್ರ ಲೆಕ್ಕಕ್ಕೆ; ಚಿಕಿತ್ಸೆಗೆಂದು ಕೋಲಾರದಿಂದ ಬಂದು ನೆಂಟರ ಮನೆಯಲ್ಲಿ ಇಳಿದುಕೊಂಡವರು ಹೊರಗೆ. ಒಂದು ಆಸ್ಪತ್ರೆಯಲ್ಲಿ ಲಕ್ಷ್ಮಮ್ಮ, 52. ಇನ್ನೊಂದರಲ್ಲಿ ಲಕ್ಷ್ಮೀದೇವಿ, 55. ಒಬ್ಬರೋ ಇಬ್ಬರೋ? ಇದನ್ನು ಬಿಡಿಸುವುದೇ ಈ ಕಸುಬಿನ ಅಸಲಿ ಕೆಲಸ.

ಇತ್ತ ಕಡತ ಬೆಳೆಯುತ್ತಿದ್ದಾಗ ಅತ್ತ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಬರ್ಟ್ ವೋಗೆಲ್‌ಸ್ಟೈನ್ ತಂಡ ದೊಡ್ಡ ಕರುಳಿನ ಕ್ಯಾನ್ಸರಿನಲ್ಲಿ ಕಳೆದುಹೋಗುವ 'ಡಿಸಿಸಿ' ಜೀನಿನ ಬೆನ್ನುಹತ್ತಿತ್ತು. 1991ರಲ್ಲಿ ಅವರಿಗೆ ಸಿಕ್ಕಿದ್ದು ಆ ಜೀನಿನ ನಕಲಾದ, ತುಂಡುಗಳು ಹಿಂದುಮುಂದಾಗಿ ಕೂಡಿಕೊಂಡ ಆರ್‌ಎನ್‌ಎ. ಬಾಲ ತಲೆಗೆ ಬೆಸೆದುಕೊಂಡರೆ ಆರ್‌ಎನ್‌ಎ ಉಂಗುರವಾಗುತ್ತದೆ ಎಂಬುದು ಮುಂದೆ ತಿಳಿಯಿತು. ಆದರೂ ಎರಡು ದಶಕ ಬಹುತೇಕರು ಅದನ್ನು ಜೀವಕೋಶದ ಕೈತಪ್ಪೆಂದೇ ಬಗೆದರು.

2013ರಲ್ಲಿ ಗಾಳಿ ತಿರುಗಿತು. 'ಸಿಐಆರ್‌ಎಸ್-7' ಎಂಬ ಉಂಗುರ ಜೀನುಗಳ ಕೆಲಸ ತಗ್ಗಿಸುವ ಮೈಕ್ರೋ ಆರ್‌ಎನ್‌ಎಗಳನ್ನು ಹಿಡಿದಿಟ್ಟುಕೊಳ್ಳುತ್ತದೆ ಎಂಬ ವರದಿ ಬಂದದ್ದೇ ತಡ, ಕರುಳಿನ ಕ್ಯಾನ್ಸರಿಗೂ ಅದನ್ನು ತಳುಕುಹಾಕುವ ಪ್ರಬಂಧಗಳು ಸಾಲುಗಟ್ಟಿದವು. ತುದಿಯೇ ಇಲ್ಲದ್ದರಿಂದ ಉಂಗುರ ಬೇಗ ಕರಗದು, ರಕ್ತದಲ್ಲೇ ಪತ್ತೆಯಾದೀತೆಂಬ ಆಸೆ ಬೇರೆ. 2020ರ ಒಂದು ಅಧ್ಯಯನ ಈ ಉತ್ಸಾಹಕ್ಕೆ ತಣ್ಣೀರೆರಚಿತು: ಕರುಳಿನ ಗಡ್ಡೆಯಲ್ಲಿ ಸಿಐಆರ್‌ಎಸ್-7 ಇದ್ದದ್ದು ಸುತ್ತಲಿನ ಆಧಾರ ಅಂಗಾಂಶದಲ್ಲಿ, ಕ್ಯಾನ್ಸರ್ ಕೋಶಗಳಲ್ಲಲ್ಲ! ಗಡ್ಡೆಯನ್ನು ಅರೆದು ಅಳೆದವರಿಗೆ ಈ ವ್ಯತ್ಯಾಸ ಕಾಣುವುದಾದರೂ ಹೇಗೆ?

ಡಾಲರ್ಸ್ ಕಾಲೊನಿಯ ಕೆಲಸ ಈಗ ಯಲಹಂಕ ದಾಟಿ ಕನ್ನಮಂಗಲ ಬಳಿಯ ಪೂಜನಹಳ್ಳಿಯಲ್ಲಿ ನಡೆಯುತ್ತದೆ. ಸಂಸ್ಥೆಗೆ 2011ರಿಂದ ಎನ್‌ಸಿಡಿಐಆರ್ ಎಂಬ ಹೆಸರು, ಅಂದರೆ ರಾಷ್ಟ್ರೀಯ ರೋಗ ಮಾಹಿತಿ ಮತ್ತು ಸಂಶೋಧನಾ ಕೇಂದ್ರ. ಅತ್ತ ಆರ್‌ಎನ್‌ಎ ಉಂಗುರ ನೋಡಿ ರೋಗ ಹೇಳುವ ಪರೀಕ್ಷೆ ಆಸ್ಪತ್ರೆಗಳ ದಿನಬಳಕೆಗೆ ಇನ್ನೂ ಬಂದಿಲ್ಲ. ಕರುಳಿನ ಕ್ಯಾನ್ಸರ್ ಖಚಿತವಾಗುವುದು ಇವತ್ತಿಗೂ ಕೊಲೊನೊಸ್ಕೋಪಿ ಮತ್ತು ಬಯಾಪ್ಸಿಯಿಂದಲೇ.