ಹಳ್ಳಿಶಾಲೆಗೆ ಇಳಿದ ಉಪಗ್ರಹ ಮತ್ತು ಅದರ ನಂತರ

ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರ ನವೆಂಬರಿನಲ್ಲಿ. ಅದಕ್ಕೆ ಆರು ವರ್ಷ ಮೊದಲೇ ಗುಲ್ಬರ್ಗ, ರಾಯಚೂರು ಮತ್ತು ಬಿಜಾಪುರ ಜಿಲ್ಲೆಗಳ ನೂರಾರು ಹಳ್ಳಿಗಳ ಮಕ್ಕಳು ಶಾಲೆಯಲ್ಲಿ ಟಿವಿ ನೋಡಿದ್ದರು. ಸರ್ಕಾರದ ಹಣದಲ್ಲಿ ತರಗತಿಗೆ ಹೊಸ ಯಂತ್ರ ತರುವ ಕೆಲಸ ಕರ್ನಾಟಕದಲ್ಲಿ ದೊಡ್ಡ ಪ್ರಮಾಣದಲ್ಲಿ ಶುರುವಾದದ್ದು ರಾಜಧಾನಿಯಲ್ಲಲ್ಲ, ನಾಡಿನ ಅತಿ ಹಿಂದುಳಿದ ಭಾಗದಲ್ಲಿ.

ಸೈಟ್ ಎಂಬ ಹೆಸರಿನ ಆ ಉಪಗ್ರಹ ಟಿವಿ ಪ್ರಯೋಗದ ಹಿಂದೆ ಇದ್ದವರು ಬಾಹ್ಯಾಕಾಶ ವಿಜ್ಞಾನಿ ವಿಕ್ರಮ್ ಸಾರಾಭಾಯಿ. ಊರೂರಿಗೆ ಪ್ರಸಾರ ಗೋಪುರ ಕಟ್ಟುತ್ತ ಕೂತರೆ ಹಳ್ಳಿಗೆ ಟಿವಿ ತಲುಪಲು ದಶಕಗಳೇ ಬೇಕು, ಉಪಗ್ರಹವಾದರೆ ಒಂದೇ ಸಲಕ್ಕೆ ದೇಶದ ಮೂಲೆಮೂಲೆಗೂ ತಲುಪುತ್ತದೆ ಎಂಬುದು ಅವರ ಲೆಕ್ಕ. 1969ರಲ್ಲಿ ಭಾರತದ ಅಣುಶಕ್ತಿ ಇಲಾಖೆಗೂ ಅಮೆರಿಕದ ನಾಸಾ ಸಂಸ್ಥೆಗೂ ಒಪ್ಪಂದವಾಯಿತು. 1971ರ ಕೊನೆಗೆ ಸಾರಾಭಾಯಿ ತೀರಿಕೊಂಡರು. ಅಹಮದಾಬಾದಿನ ಬಾಹ್ಯಾಕಾಶ ಅನ್ವಯ ಕೇಂದ್ರದ ನಿರ್ದೇಶಕರಾಗಿದ್ದ ಯಶ್ ಪಾಲ್ ಕೆಲಸವನ್ನು ಮುಂದುವರಿಸಿದರು. ನಾಸಾ ತನ್ನ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಭಾರತಕ್ಕೆ ಬಿಟ್ಟುಕೊಟ್ಟಿತು. ನೆಲದ ಮೇಲಿನ ಕೆಲಸವೆಲ್ಲ ಭಾರತದ್ದು: ಟಿವಿ ಪೆಟ್ಟಿಗೆಗಳು, ಆಂಟೆನಾಗಳು, ಭೂಕೇಂದ್ರಗಳು, ಕಾರ್ಯಕ್ರಮಗಳು, ದುರಸ್ತಿ.

1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಪ್ರಸಾರ ನಡೆಯಿತು. ಕೋಳಿಗೂಡಿಗೆ ಬಳಸುವಂಥ ತಂತಿಬಲೆಯಿಂದ ಮಾಡಿದ ಮೂರು ಮೀಟರ್ ಅಗಲದ ಬುಟ್ಟಿಯಾಕಾರದ ಆಂಟೆನಾ ಉಪಗ್ರಹದ ಸಂಕೇತವನ್ನು ನೇರವಾಗಿ ಹಿಡಿಯುತ್ತಿತ್ತು. ಪೆಟ್ಟಿಗೆಗಳನ್ನು ತಯಾರಿಸಿದ್ದು ಹೈದರಾಬಾದಿನ ಸರ್ಕಾರಿ ಕಂಪನಿ ಇಸಿಐಎಲ್. ಶಾಲೆಯಲ್ಲೋ ಪಂಚಾಯ್ತಿ ಕಟ್ಟಡದಲ್ಲೋ ಇಟ್ಟ ಈ ಪೆಟ್ಟಿಗೆ ಯಾರೊಬ್ಬರ ಮನೆಯದೂ ಆಗಿರಲಿಲ್ಲ, ಊರಿನದಾಗಿತ್ತು. ವಿದ್ಯುತ್ ಇಲ್ಲದ ಕೆಲವು ಹಳ್ಳಿಗಳಲ್ಲಿ ಬ್ಯಾಟರಿಯಿಂದ ಓಡಿಸಿದರು.

ದಿನಕ್ಕೆ ನಾಲ್ಕು ಗಂಟೆ ಪ್ರಸಾರ. ಬೆಳಗಿನ ಒಂದೂವರೆ ಗಂಟೆ ಶಾಲೆಯ ಮಕ್ಕಳಿಗೆ, ಸಂಜೆಯ ಎರಡೂವರೆ ಗಂಟೆ ಊರ ಜನಕ್ಕೆ. ಬೆಳಗಿನ ಹೊತ್ತನ್ನು ಹಿಂದಿ, ಕನ್ನಡ, ತೆಲುಗು, ಒಡಿಯಾ ಭಾಷೆಗಳು ಹಂಚಿಕೊಂಡಿದ್ದರಿಂದ ಕನ್ನಡದ ಪಾಲಿಗೆ ಬಂದದ್ದು ಇಪ್ಪತ್ತೆರಡು ನಿಮಿಷದ ಆಸುಪಾಸು. ಕನ್ನಡ ಕಾರ್ಯಕ್ರಮಗಳ ತಯಾರಿ ಹೈದರಾಬಾದಿನ ಕೇಂದ್ರದ ಹೊಣೆಯಾಗಿತ್ತು. ಪಠ್ಯಪುಸ್ತಕದ ಪಾಠವನ್ನೇ ತೆರೆಯ ಮೇಲೆ ಮತ್ತೆ ಹೇಳುವ ಉದ್ದೇಶ ಅವಕ್ಕಿರಲಿಲ್ಲ. ಸುತ್ತಲಿನ ಜಗತ್ತಿನ ಬಗ್ಗೆ, ವಿಜ್ಞಾನದ ಬಗ್ಗೆ ಮಕ್ಕಳಲ್ಲಿ ಕುತೂಹಲ ಹುಟ್ಟಿಸುವುದಕ್ಕೆ ಒತ್ತು ಇತ್ತು.

ಸೈಟ್‌ನ ನಿಜವಾದ ಹಿರಿಮೆಯನ್ನು ಉಪಗ್ರಹಕ್ಕಿಂತ ಬೇರೆ ಎರಡು ಕಡೆ ಹುಡುಕಬೇಕು. ಮೊದಲನೆಯದು ದುರಸ್ತಿ. ಕೆಟ್ಟ ಪೆಟ್ಟಿಗೆಯನ್ನು ಸರಿಪಡಿಸುವ ತಂತ್ರಜ್ಞರ ವ್ಯವಸ್ಥೆಯನ್ನು ಪ್ರಯೋಗದ ಭಾಗವಾಗಿಯೇ ಕಟ್ಟಲಾಗಿತ್ತು. ಹದಗೆಟ್ಟ ರಸ್ತೆ, ಏರಿಳಿಯುವ ವೋಲ್ಟೇಜು, ಧೂಳು ಎಲ್ಲದರ ನಡುವೆಯೂ ವರ್ಷದುದ್ದಕ್ಕೂ ಬಹುಪಾಲು ಪೆಟ್ಟಿಗೆಗಳು ಓಡಿದವು. ಎರಡನೆಯದು ಶಿಕ್ಷಕರು. ರೇಡಿಯೊ, ಟಿವಿ, ಮುದ್ರಿತ ಪುಸ್ತಿಕೆ ಮತ್ತು ಕೈಯಾರೆ ಮಾಡುವ ಪ್ರಯೋಗಗಳನ್ನು ಸೇರಿಸಿ ಸುಮಾರು 50 ಸಾವಿರ ಪ್ರಾಥಮಿಕ ಶಾಲಾ ಶಿಕ್ಷಕರಿಗೆ ವಿಜ್ಞಾನ ಕಲಿಸುವ ತರಬೇತಿ ಕೊಡಲಾಯಿತು. ಅಷ್ಟು ದೂರದೂರದ ಮೇಷ್ಟ್ರುಗಳನ್ನು ಒಂದೇ ಅವಧಿಯಲ್ಲಿ ತರಬೇತಿಗೆ ಕೂರಿಸಲು ಆಗ ಬೇರೆ ದಾರಿ ಇರಲಿಲ್ಲ.

ಪ್ರಯೋಗದ ಫಲವನ್ನು ಸಮಾಜ ವಿಜ್ಞಾನಿಗಳು ಅಳೆದು ನೋಡಿದರು. ಟಿವಿ ನೋಡಿದ ಮಕ್ಕಳ ಭಾಷೆ ಸುಧಾರಿಸಿತ್ತು, ಹೊಸದನ್ನು ತಿಳಿಯುವ ಆಸಕ್ತಿ ಹೆಚ್ಚಿತ್ತು. ಆದರೆ ಟಿವಿ ಬಂತೆಂದು ಶಾಲೆಗೆ ಸೇರುವ ಮಕ್ಕಳ ಸಂಖ್ಯೆ ಏರಲಿಲ್ಲ, ನಡುವೆ ಬಿಡುವವರು ನಿಲ್ಲಲಿಲ್ಲ. ಕೂಲಿಗೆ, ದನಕ್ಕೆ, ತಮ್ಮತಂಗಿಯರನ್ನು ನೋಡಿಕೊಳ್ಳುವುದಕ್ಕೆ ಹೋಗುವ ಮಗುವನ್ನು ತರಗತಿಗೆ ಕರೆತರುವ ಶಕ್ತಿ ತೆರೆಗೆ ಇರಲಿಲ್ಲ.

ವರ್ಷ ಮುಗಿಯಿತು, ಉಪಗ್ರಹ ಹಿಂದಿರುಗಿತು. 1977ರಲ್ಲಿ ಗುಲ್ಬರ್ಗದಲ್ಲಿ ಪ್ರಸಾರ ಕೇಂದ್ರ ಬಂದು ಅದರ ವ್ಯಾಪ್ತಿಯ ಹಳ್ಳಿಗಳಿಗೆ ಟಿವಿ ಉಳಿಯಿತು, ಅದರಾಚೆಗಿನವಕ್ಕೆ ತಪ್ಪಿತು.

ಮುಂದಿನ ದೊಡ್ಡ ಹೆಜ್ಜೆ ಕಂಪ್ಯೂಟರಿನದು. 1984-85ರಲ್ಲಿ ಕೇಂದ್ರದ ಎಲೆಕ್ಟ್ರಾನಿಕ್ಸ್ ಇಲಾಖೆ ಮತ್ತು ಶಿಕ್ಷಣ ಇಲಾಖೆ ಸೇರಿ ಕ್ಲಾಸ್ ಎಂಬ ಯೋಜನೆ ಆರಂಭಿಸಿದವು. ಬ್ರಿಟನ್ನಿನ ಏಕಾರ್ನ್ ಕಂಪನಿಯ ಬಿಬಿಸಿ ಮೈಕ್ರೊ ಯಂತ್ರಗಳು ದೇಶದ ಸುಮಾರು 250 ಪ್ರೌಢಶಾಲೆಗಳಿಗೆ ಬಂದವು. ಆಮೇಲೆ ಶಾಲೆಗಳ ಸಂಖ್ಯೆ 2,500 ದಾಟಿತು. ಯಂತ್ರವೂ ತಂತ್ರಾಂಶವೂ ಇಂಗ್ಲಿಷಿನ ಶಾಲೆಗಳಿಗಾಗಿ ರೂಪುಗೊಂಡಿದ್ದರಿಂದ ಕನ್ನಡ ಮಾಧ್ಯಮದ ಮಗುವಿಗೆ ಅಲ್ಲಿ ಓದಲು ಬರುವಂಥದ್ದು ಬಹಳ ಕಡಿಮೆ. ತರಬೇತಿ ಪಡೆದ ಶಿಕ್ಷಕರು ಬೆರಳೆಣಿಕೆಯವರು. ಅವರಿಗೆ ವರ್ಗವಾದರೆ ಕಂಪ್ಯೂಟರ್ ಕೋಣೆಗೆ ಬೀಗ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಬಳಿಕ ಶಾಲೆಗಳಿಗೆ ಹಂಚಿದ ಬಣ್ಣದ ಟಿವಿ, ರೇಡಿಯೊ-ಕ್ಯಾಸೆಟ್ ಪ್ಲೇಯರುಗಳದೂ ಹೆಚ್ಚುಕಡಿಮೆ ಇದೇ ಕಥೆ. ಕೊಳ್ಳುವ ಹಣ ಇತ್ತು, ನಡೆಸುವ ಹಣ ಇರಲಿಲ್ಲ.

ಹೊಸ ಶತಮಾನದ ಆರಂಭದಲ್ಲಿ ಕರ್ನಾಟಕ ತನ್ನದೇ ಮಾಹಿತಿ ಸಿಂಧು ಯೋಜನೆಯಡಿ ಸರ್ಕಾರಿ ಪ್ರೌಢಶಾಲೆಗಳಲ್ಲಿ ಕಂಪ್ಯೂಟರ್ ಶಿಕ್ಷಣವನ್ನು ಖಾಸಗಿ ಕಂಪನಿಗಳಿಗೆ ವಹಿಸಿತು. 2004ರ ಸೆಪ್ಟೆಂಬರ್ 20ರಂದು ಇಸ್ರೊ ಶಿಕ್ಷಣಕ್ಕೆಂದೇ ಮೀಸಲಾದ ಎಜುಸ್ಯಾಟ್ ಉಪಗ್ರಹವನ್ನು ಶ್ರೀಹರಿಕೋಟದಿಂದ ಹಾರಿಸಿತು. ಅದರ ಪ್ರಾಥಮಿಕ ಶಾಲಾ ಪ್ರಯೋಗಕ್ಕೆ ಆಯ್ಕೆಯಾದದ್ದು ಚಾಮರಾಜನಗರ ಜಿಲ್ಲೆ. ಅಲ್ಲಿನ 800ಕ್ಕೂ ಹೆಚ್ಚು ಶಾಲೆಗಳಿಗೆ ಡಿಷ್ ಮತ್ತು ಟಿವಿ ಬಂದವು, ಬೆಂಗಳೂರಿನಿಂದ ಕನ್ನಡದಲ್ಲೇ ಪಾಠಗಳು ಪ್ರಸಾರವಾದವು. 2010ರಲ್ಲಿ ಆ ಉಪಗ್ರಹದ ಕೆಲಸ ನಿಂತಿತು.

ಅದೇ 2004ರ ಡಿಸೆಂಬರಿನಲ್ಲಿ ಕೇಂದ್ರವು ಶಾಲೆಗಳಲ್ಲಿ ಕಂಪ್ಯೂಟರ್ ಕಲಿಕೆಗೆಂದು ಐಸಿಟಿ (ಮಾಹಿತಿ ಮತ್ತು ಸಂವಹನ ತಂತ್ರಜ್ಞಾನ) ಯೋಜನೆಯನ್ನು ತಂದಿತು. ಬಹುತೇಕ ರಾಜ್ಯಗಳಲ್ಲಿ ಕೇಂದ್ರದ ಪಾಲು ಶೇ 75, ರಾಜ್ಯದ್ದು ಶೇ 25. 2010ರ ಪರಿಷ್ಕರಣೆಯಲ್ಲಿ ಪ್ರತಿ ಶಾಲೆಗೆ ಒಮ್ಮೆಗೆ 6.40 ಲಕ್ಷ ರೂಪಾಯಿ, ಜೊತೆಗೆ ವರ್ಷಕ್ಕೆ 2.70 ಲಕ್ಷ ರೂಪಾಯಿ ನಡೆಸುವ ವೆಚ್ಚ ಎಂದು ನಿಗದಿಯಾಯಿತು. ಯಂತ್ರ ಕೊಂಡರೆ ಸಾಲದು, ನಡೆಸಲೂ ಹಣ ಬೇಕು ಎಂಬ, ಸೈಟ್ ಕಾಲದಲ್ಲೇ ಗೊತ್ತಿದ್ದ ಮಾತು ತಡವಾಗಿಯಾದರೂ ಲೆಕ್ಕಪತ್ರದೊಳಗೆ ಬಂದಂತಾಯಿತು. ಆದರೆ ಈ ವಾರ್ಷಿಕ ಹಣಕ್ಕೂ ಐದು ವರ್ಷದ ಗಡಿ ಇತ್ತು. ಕರ್ನಾಟಕವೂ ಸೇರಿ ಹಲವು ರಾಜ್ಯಗಳು ಹಿಡಿದದ್ದು ಬೂಟ್ ಎಂಬ ಪದ್ಧತಿ: ಖಾಸಗಿ ಸಂಸ್ಥೆ ಯಂತ್ರ ತಂದು ಜೋಡಿಸಿ, ತನ್ನದೇ ಬೋಧಕರನ್ನಿಟ್ಟು, ಐದು ವರ್ಷ ನಡೆಸಿ ಶಾಲೆಗೆ ಒಪ್ಪಿಸಿ ಹೋಗುವುದು. ಬೋಧಕರು ಹೊರಗಿನವರಾದ್ದರಿಂದ ಗಣಿತ, ವಿಜ್ಞಾನದ ಶಿಕ್ಷಕರಿಗೂ ಕಂಪ್ಯೂಟರ್ ಕೋಣೆಗೂ ನಂಟು ಬೆಳೆಯಲಿಲ್ಲ. ಗುತ್ತಿಗೆ ಮುಗಿದಾಗ ಶಾಲೆಗೆ ದಕ್ಕಿದ್ದು ಐದು ವರ್ಷ ಹಳೆಯ ಯಂತ್ರಗಳು.

ಇದಕ್ಕೆ ಪರ್ಯಾಯವಾಗಿ 2011ರ ಸುಮಾರಿಗೆ ರಾಜ್ಯದಲ್ಲಿ ಆರಂಭವಾದದ್ದು ವಿಷಯ ಶಿಕ್ಷಕರ ವೇದಿಕೆ. ರಾಜ್ಯದ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಇಲಾಖೆ (ಡಿಎಸ್‌ಇಆರ್‌ಟಿ) ಮತ್ತು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ ಪ್ರೌಢಶಾಲೆಗಳ ಗಣಿತ, ವಿಜ್ಞಾನ, ಸಮಾಜ ವಿಜ್ಞಾನ ಶಿಕ್ಷಕರಿಗೇ ತರಬೇತಿ ಕೊಟ್ಟವು. ಪರವಾನಗಿ ಶುಲ್ಕವಿಲ್ಲದ ಮುಕ್ತ ತಂತ್ರಾಂಶ ಬಳಸಿ, ತಮ್ಮ ಪಾಠಕ್ಕೆ ಬೇಕಾದ ಸಾಮಗ್ರಿಯನ್ನು ಶಿಕ್ಷಕರೇ ಕನ್ನಡದಲ್ಲಿ ಸಿದ್ಧಪಡಿಸಿ ಎಲ್ಲರಿಗೂ ಸಿಗುವಂತೆ ಹಂಚಿಕೊಂಡರು. ಹಣದ ಮೂಲ ಸರ್ಕಾರದ್ದೇ, ಖರ್ಚಿನ ಗುರಿ ಮಾತ್ರ ಯಂತ್ರದಿಂದ ಶಿಕ್ಷಕರ ಕಡೆಗೆ ತಿರುಗಿತ್ತು. ಐಸಿಟಿ ಯೋಜನೆ ಮೊದಲು ರಾಷ್ಟ್ರೀಯ ಮಾಧ್ಯಮಿಕ ಶಿಕ್ಷಣ ಅಭಿಯಾನದಲ್ಲಿ, 2018ರಿಂದ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಸೇರಿಹೋಯಿತು.