ಹಕ್ಕು ಬದಲಾವಣೆ ಆದೇಶದ ವಿರುದ್ಧ ಮೇಲ್ಮನವಿ ಹಾಗೂ ಪುನರೀಕ್ಷಣೆ

ಕೃಷಿ ಜಮೀನಿನ ಹಕ್ಕು ಮಾರಾಟ, ವಿಭಾಗ ಅಥವಾ ವಾರಸಾ ಮೂಲಕ ಒಬ್ಬರಿಂದ ಇನ್ನೊಬ್ಬರಿಗೆ ಬಂದಾಗ, 1964ರ ಕರ್ನಾಟಕ ಭೂ ಕಂದಾಯ ಅಧಿನಿಯಮದ 128 ಮತ್ತು 129ನೇ ಕಲಂಗಳ ಮೇರೆಗೆ ಹಕ್ಕು ದಾಖಲೆಯಲ್ಲಿ ಬದಲಾವಣೆ ಮಾಡಲಾಗುತ್ತದೆ. ಸಂಬಂಧಪಟ್ಟವರಿಗೆ ನೋಟೀಸು ನೀಡಿ ಆಕ್ಷೇಪಣೆ ಆಹ್ವಾನಿಸತಕ್ಕದ್ದು. ಆಕ್ಷೇಪಣೆ ಬಂದಲ್ಲಿ ಅದನ್ನು ವಿವಾದಗ್ರಸ್ತ ಪ್ರಕರಣಗಳ ವಹಿಯಲ್ಲಿ ದಾಖಲಿಸಿ, ವಿಚಾರಣೆ ನಡೆಸಿ ಆದೇಶ ಹೊರಡಿಸಲಾಗುತ್ತದೆ.

ಹೀಗೆ ಆದ ನಮೂದನ್ನು, ವಿರುದ್ಧವಾದುದು ರುಜುವಾತಾಗುವವರೆಗೆ, 133ನೇ ಕಲಂ ಪ್ರಕಾರ ಸತ್ಯವೆಂದೇ ಭಾವಿಸಲಾಗುತ್ತದೆ. ಆದ್ದರಿಂದ ತಪ್ಪು ನಮೂದನ್ನು ಪಹಣಿಯಲ್ಲಿ ಹಾಗೆಯೇ ಬಿಟ್ಟುಬಿಡುವುದು ಸಣ್ಣ ಸಂಗತಿಯಲ್ಲ. ಬ್ಯಾಂಕ್ ಸಾಲ, ಭೂಸ್ವಾಧೀನದ ಪರಿಹಾರ ಮೊದಲಾದವುಗಳಿಗೆ ಮೊದಲು ನೋಡುವುದು ಪಹಣಿಯನ್ನೇ.

ಈ ನಮೂದಿನಿಂದ ಬಾಧಿತರಾದವರು 136(2)ನೇ ಕಲಂ ಮೇರೆಗೆ ಉಪವಿಭಾಗದ ಸಹಾಯಕ ಆಯುಕ್ತರಿಗೆ ಮೇಲ್ಮನವಿ ಸಲ್ಲಿಸಬಹುದು. ಅವಧಿ 60 ದಿನಗಳು. ಈ 60 ದಿನಗಳು ಎಂದಿನಿಂದ ಆರಂಭವಾಗುತ್ತವೆ ಎಂಬುದೇ ಅನೇಕ ಪ್ರಕರಣಗಳ ಹಣೆಬರಹವನ್ನು ನಿರ್ಧರಿಸುತ್ತದೆ. ವಿವಾದದಲ್ಲಿ ಆದೇಶವಾಗಿದ್ದರೆ ಆದೇಶ ತಿಳಿಸಿದ ದಿನದಿಂದ. ದೃಢೀಕರಿಸಿದ ನಮೂದಾಗಿದ್ದರೆ ಅದು ಅರ್ಜಿದಾರರ ಅರಿವಿಗೆ ಬಂದ ದಿನದಿಂದ. ಉದಾಹರಣೆಗೆ, ತಂದೆಯ ಮರಣಾನಂತರ ಗಂಡುಮಕ್ಕಳ ಹೆಸರಿಗೆ ಮಾತ್ರ ಪೌತಿ ಖಾತೆಯಾಗಿ, ಮದುವೆಯಾಗಿ ಬೇರೆ ತಾಲ್ಲೂಕಿನಲ್ಲಿರುವ ಮಗಳಿಗೆ ನೋಟೀಸೇ ತಲುಪಿರುವುದಿಲ್ಲ ಎಂದಿಟ್ಟುಕೊಳ್ಳಬಹುದು. ಆಕೆಗೆ ವಿಷಯ ತಿಳಿದದ್ದು ಯಾವಾಗ, ಹೇಗೆ ಎಂಬುದನ್ನು ಮೇಲ್ಮನವಿಯಲ್ಲಿಯೇ ಸ್ಪಷ್ಟವಾಗಿ ಬರೆಯುವುದು ಅವಶ್ಯ. ಪಹಣಿ ಅಥವಾ ಮ್ಯುಟೇಶನ್ ದಾಖಲೆಯ ನಕಲು ಪಡೆದ ದಿನಾಂಕವು ಇದಕ್ಕೆ ಉತ್ತಮ ಆಧಾರ. ಅವಧಿ ಮೀರಿದ್ದಲ್ಲಿ ಪ್ರತಿ ದಿನದ ಕಾರಣವನ್ನಲ್ಲದಿದ್ದರೂ ಒಟ್ಟಾರೆ ಸಮರ್ಪಕ ಕಾರಣವನ್ನು ನೀಡಿ, ಪ್ರಮಾಣಪತ್ರದೊಂದಿಗೆ ವಿಳಂಬ ಮನ್ನಾ ಅರ್ಜಿ ಸಲ್ಲಿಸತಕ್ಕದ್ದು. ಕಚೇರಿಗೆ ಮೌಖಿಕವಾಗಿ ಅಲೆದ ದಿನಗಳು ದಾಖಲೆಯಾಗುವುದಿಲ್ಲ. ಲಿಖಿತ ಅರ್ಜಿ ನೀಡಿ ಸ್ವೀಕೃತಿ ಅಥವಾ ಹಿಂಬರಹ ಪಡೆದಿರುವುದು ಒಳಿತು.

ಸಹಾಯಕ ಆಯುಕ್ತರ ತೀರ್ಮಾನದ ಮೇಲೆ ಎರಡನೆಯ ಮೇಲ್ಮನವಿ ಇರುವುದಿಲ್ಲ. 136(3)ನೇ ಕಲಂ ಮೇರೆಗೆ ಜಿಲ್ಲಾಧಿಕಾರಿಗಳ ಮುಂದೆ ಪುನರೀಕ್ಷಣೆ ಕೋರಬಹುದು. ಜಿಲ್ಲಾಧಿಕಾರಿಗಳು ಸ್ವಪ್ರೇರಣೆಯಿಂದಲೂ ಕಡತ ತರಿಸಿ ಪರಿಶೀಲಿಸಬಹುದು.

ಜಮೀನಿನ ಮಾಲೀಕತ್ವ ಯಾರದು ಎಂಬ ಮೂಲ ಪ್ರಶ್ನೆಯನ್ನು ಕಂದಾಯ ಅಧಿಕಾರಿಗಳು ತೀರ್ಮಾನಿಸಲಾರರು. ಉಯಿಲಿನ ಸಿಂಧುತ್ವ, ಕುಟುಂಬದ ಪಾಲು ಮುಂತಾದ ವಿವಾದಗಳಿಗೆ ಸಿವಿಲ್ ನ್ಯಾಯಾಲಯವೇ ಸೂಕ್ತ ಸ್ಥಳ. 135ನೇ ಕಲಂನ ಪರಂತುಕದಂತೆ, ಅಲ್ಲಿನ ಘೋಷಣೆಗೆ ಅನುಗುಣವಾಗಿ ಹಕ್ಕು ದಾಖಲೆಯನ್ನು ತಿದ್ದಲಾಗುವುದು.

ಉಚ್ಚ ನ್ಯಾಯಾಲಯದಲ್ಲಿ ಸಂವಿಧಾನದ 226 ಮತ್ತು 227ನೇ ಅನುಚ್ಛೇದಗಳಡಿ ಸಲ್ಲಿಸುವ ರಿಟ್ ಅರ್ಜಿಯು ಮೇಲ್ಮನವಿಗಿಂತ ಭಿನ್ನವಾದುದು. ಮೇಲ್ಮನವಿಯಲ್ಲಿ ಸಾಕ್ಷ್ಯವನ್ನು ಮತ್ತೆ ತೂಗಿ ನೋಡಬಹುದು. ರಿಟ್ ಅರ್ಜಿಯಲ್ಲಿ ನ್ಯಾಯಾಲಯವು ಸಾಮಾನ್ಯವಾಗಿ, ಅಧಿಕಾರಿಗೆ ಅಧಿಕಾರವಿತ್ತೇ, ಬಾಧಿತರ ಅಹವಾಲು ಕೇಳಲಾಯಿತೇ, ಆದೇಶದಲ್ಲಿ ಕಾರಣಗಳಿವೆಯೇ ಎಂಬುದನ್ನು ಪರಿಶೀಲಿಸುತ್ತದೆ. ಆದೇಶದಲ್ಲಿ ಇಲ್ಲದ ಕಾರಣವನ್ನು ನಂತರ ಪ್ರಮಾಣಪತ್ರದ ಮೂಲಕ ಸೇರಿಸಲಾಗದು ಎಂದು ಸರ್ವೋಚ್ಚ ನ್ಯಾಯಾಲಯವು 1978ರಲ್ಲಿ ವರದಿಯಾದ ಮೊಹಿಂದರ್ ಸಿಂಗ್ ಗಿಲ್ ಪ್ರಕರಣದಲ್ಲಿ ಹೇಳಿದೆ. ಆದ್ದರಿಂದ ಆದೇಶದ ದೃಢೀಕೃತ ನಕಲನ್ನು ಪೂರ್ಣವಾಗಿ ಓದದೆ ಮುಂದಿನ ಹೆಜ್ಜೆ ಇಡುವುದು ಸರಿಯಲ್ಲ. ಮೇಲ್ಮನವಿಗೆ ಅವಕಾಶವಿದ್ದಾಗ ನೇರವಾಗಿ ರಿಟ್ ಸಲ್ಲಿಸಿದರೆ ಅದನ್ನು ಸಾಮಾನ್ಯವಾಗಿ ಪುರಸ್ಕರಿಸುವುದಿಲ್ಲ. ಸಹಜ ನ್ಯಾಯ ತತ್ವದ ಉಲ್ಲಂಘನೆ, ಅಧಿಕಾರ ವ್ಯಾಪ್ತಿಯ ಕೊರತೆ ಮುಂತಾದ ಅಪವಾದಗಳನ್ನು 1998ರ ವರ್ಲ್‌ಪೂಲ್ ಪ್ರಕರಣದಲ್ಲಿ ಗುರುತಿಸಲಾಗಿದೆ. ಬೆಂಗಳೂರಿನ ಪ್ರಧಾನ ಪೀಠವಲ್ಲದೆ, 2013ರಿಂದ ಧಾರವಾಡ ಮತ್ತು ಕಲಬುರಗಿಯಲ್ಲಿ ಖಾಯಂ ಪೀಠಗಳಿವೆ.

ಮೇಲ್ಮನವಿ ಸಲ್ಲಿಸಿದ ಮಾತ್ರಕ್ಕೆ ಕೆಳಗಿನ ಆದೇಶವು ಸ್ಥಗಿತಗೊಳ್ಳುವುದಿಲ್ಲ. ಅಷ್ಟರಲ್ಲಿ ಜಮೀನು ಪರಭಾರೆಯಾಗುವ ಸಂಭವವಿದ್ದಲ್ಲಿ, ತಡೆಯಾಜ್ಞೆ ಕೋರಿ ಪ್ರತ್ಯೇಕ ಅರ್ಜಿಯನ್ನು ಮೇಲ್ಮನವಿಯ ಜೊತೆಯಲ್ಲಿಯೇ ಸಲ್ಲಿಸತಕ್ಕದ್ದು.